ಮಹಾನಂದಾ ಕನ್ನಡದಲ್ಲಿ ಹೇಳಿದ್ದು

ಕೊರೊನಾ ಕಾಲ ಮುಗಿದು, ಕೆಲಸ ವಾರದ ಕೆಲವು ದಿನ ಕಚೇರಿಯಿಂದ, ಕೆಲವು ದಿನ ಮನೆಯಿಂದ ನಡೆಯತೊಡಗಿದ ಮೊದಲ ವರ್ಷ ಅದು. ಪುಣೆಯ ಮಗರಪಟ್ಟಾದಲ್ಲಿದ್ದ ಒಂದು ಕಂಪನಿಯಲ್ಲಿ ನಾನು ಎಚ್‌.ಆರ್‌. ವಿಭಾಗದ ಮುಖ್ಯಸ್ಥೆಯಾಗಿದ್ದೆ. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಅವರ ರಜೆ, ಬಡ್ತಿ, ಮುನಿಸು, ಜಗಳ ನೋಡಿಕೊಳ್ಳುವುದು, ಕೆಲವರನ್ನು ಕೊನೆಗೆ ಬಾಗಿಲ ತನಕ ಬಿಟ್ಟು ಬರುವುದು, ಇಷ್ಟು ನನ್ನ ಉದ್ಯೋಗ. ಹುಟ್ಟಿದ್ದು ವಿಜಯಪುರದಲ್ಲಿ. ಮದುವೆಯಾಗಿ ಬಂದ ಮೇಲೆ ಪುಣೆಯೇ ಊರಾಯಿತು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಆಫೀಸಿನ ಗಾಜಿನ ಬಾಗಿಲು ದಾಟಿದರೆ ಇಂಗ್ಲಿಷ್. ಮೂರು ಭಾಷೆಯಲ್ಲೂ ನನಗೆ ಸಿಟ್ಟು ಮಾಡಲು ಬರುತ್ತದೆ, ಕನ್ನಡದಲ್ಲಿ ಸ್ವಲ್ಪ ಹೆಚ್ಚು.

ನಿವೃತ್ತಳಾದ ಮೇಲೆ ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆಯುತ್ತಾರೆ. ಡಿಗ್ರಿ ಮುಗಿಸಿ ಕಾರ್ಪೊರೇಟ್ ಲೋಕಕ್ಕೆ ಕಾಲಿಡುವ ಮಕ್ಕಳಿಗೆ ನಾಲ್ಕು ಮಾತು ಹೇಳಿ ಅನ್ನುತ್ತಾರೆ. ಮಕ್ಕಳು ಕೇಳುವುದು ರೆಸ್ಯುಮೆ ಎಷ್ಟು ಪುಟ ಇರಬೇಕು, ಇಂಟರ್‌ವ್ಯೂಗೆ ಯಾವ ಬಣ್ಣದ ಅಂಗಿ, ಸಂಬಳದ ಮಾತು ಯಾವಾಗ ತೆಗೆಯಬೇಕು ಎಂದು. ಅವಕ್ಕೆಲ್ಲ ಉತ್ತರ ಮೊಬೈಲಿನಲ್ಲೇ ಸಿಗುತ್ತದೆ. ನಾನು ಹೇಳುವುದು ಮಹಾನಂದಾಳ ಪ್ರಕರಣ. ಹೆಸರು ಬದಲಿಸಿ ಹೇಳುತ್ತೇನೆ, ಇಲ್ಲಿಯೂ ಬದಲಿಸಿದ್ದೇನೆ.

ಮೊದಲು ನಮ್ಮ ಕಂಪನಿಯ ಕೆಲಸವೇನು ಎಂಬುದನ್ನು ಹೇಳಬೇಕು. ವಿದೇಶದ ಒಂದು ಆರೋಗ್ಯ ವಿಮಾ ಸಂಸ್ಥೆಗೆ ಬರುತ್ತಿದ್ದ ಕ್ಲೇಮುಗಳನ್ನು ನಾವು ಇಲ್ಲಿ ಕೂತು ನೋಡುತ್ತಿದ್ದೆವು. ಆಸ್ಪತ್ರೆಯ ಕಾಗದಪತ್ರ ಓದಿ, ರೋಗಿಯ ವಿವರವನ್ನು ಕಂಪ್ಯೂಟರಿಗೆ ತುಂಬಿ, ಕ್ಲೇಮು ಪಾಸಾಯಿತೋ ಇಲ್ಲವೋ ಎಂಬ ಉತ್ತರವನ್ನು ರೋಗಿಗೆ ಕಳಿಸುವುದು. ಇದಕ್ಕೆ ಮೇಕರ್-ಚೆಕರ್ ಎಂಬ ಪದ್ಧತಿ ಇತ್ತು. ವಿವರ ತುಂಬುವವರು ಮೇಕರ್, ಅದನ್ನು ಮತ್ತೊಮ್ಮೆ ನೋಡಿ ಒಪ್ಪುವವರು ಚೆಕರ್. ಒಬ್ಬರೇ ಎರಡೂ ಕೆಲಸ ಮಾಡಬಾರದು. ನಮ್ಮ ಕಣ್ಣಿಗೆ ನಮ್ಮ ತಪ್ಪು ಕಾಣುವುದಿಲ್ಲ ಎಂಬ ಸಾದಾ ತಿಳಿವಳಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು.

ಮಹಾನಂದಾಳನ್ನು ಆರಿಸಿದವಳು ನಾನೇ. ಧನಕವಡಿಯ ಒಂದು ಕಾಲೇಜಿಗೆ ಕ್ಯಾಂಪಸ್ ಇಂಟರ್‌ವ್ಯೂಗೆ ಹೋಗಿದ್ದೆವು. ಅವಳ ಅಪ್ಪ ಯಾದಗಿರಿ ಕಡೆಯಿಂದ ಬಂದು ಇಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವರು, ಕಟ್ಟಡದ ಸ್ಲ್ಯಾಬಿಗೆ ಹಲಗೆ ಕಟ್ಟುವ ಕೆಲಸ. ಮಗಳು ಮರಾಠಿ ಶಾಲೆಯಲ್ಲಿ ಓದಿ, ಬಿ.ಕಾಂ. ಮುಗಿಸಿದ್ದಳು. ನಿನ್ನ ದೌರ್ಬಲ್ಯವೇನು ಎಂಬ ಪ್ರಶ್ನೆಗೆ ಎಲ್ಲ ಮಕ್ಕಳೂ ಬಾಯಿಪಾಠ ಮಾಡಿದ ಒಂದೇ ಉತ್ತರ ಕೊಡುತ್ತಾರೆ, ತಾವು ಅತಿಯಾಗಿ ದುಡಿಯುತ್ತೇವೆ ಎಂದು. ಇವಳು ತಡವರಿಸುತ್ತ, ತನ್ನ ಇಂಗ್ಲಿಷ್ ನಿಧಾನ, ತಾನು ಮಾತ್ರ ನಿಧಾನ ಅಲ್ಲ ಎಂದಳು. ಅಲ್ಲೇ ನನಗೆ ಹಿಡಿಸಿದಳು. ನಾನು ಕನ್ನಡದವಳು ಎಂದು ಹೇಗೋ ಗೊತ್ತುಮಾಡಿಕೊಂಡು, ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನನ್ನು 'ಅಕ್ಕಾರ' ಎನ್ನತೊಡಗಿದಳು. ಉಳಿದವರಿಗೆಲ್ಲ ನಾನು ಮಾಲತಿ ಮ್ಯಾಮ್. ನಮ್ಮ ಕಡೆಯ ಆ 'ಅಕ್ಕಾರ' ಕೇಳಿ ನನಗೂ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಅವಳನ್ನು ಹಾಕಿದ್ದು ವೀಣಾಳ ತಂಡಕ್ಕೆ. ವೀಣಾ ಹುಬ್ಬಳ್ಳಿಯ ಕಡೆಯವಳು, ತಂಡದ ಟೀಮ್ ಲೀಡ್. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಕೊರೊನಾ ಕಾಲದಲ್ಲಿ ಅವಳ ಗಂಡ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತ್ತು. ಮಗಳು ಹತ್ತನೆಯ ತರಗತಿ. ಮನೆ ನಿಂತಿದ್ದು ವೀಣಾಳ ಸಂಬಳದ ಮೇಲೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳ ಡಬ್ಬಿ ಬಿಚ್ಚಿದರೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಯ ವಾಸನೆಗೆ ಇಡೀ ಮೇಜು ತಿರುಗಿ ನೋಡುತ್ತಿತ್ತು. ಮಹಾನಂದಾ ಬಂದ ಮೇಲೆ ಆ ಡಬ್ಬಿಯಲ್ಲಿ ರೊಟ್ಟಿ ಹೆಚ್ಚಾದವು. ಹೊಸ ಹುಡುಗಿಗೆ ಮೊದಲ ತಿಂಗಳಲ್ಲೇ ಇಷ್ಟು ಅಕ್ಕರೆಯ ಮೇಲಧಿಕಾರಿ ಸಿಕ್ಕಳಲ್ಲ ಎಂದು ನಾನು ಸಮಾಧಾನಪಟ್ಟಿದ್ದೆ.

ಪಂಢರಪುರಕ್ಕೆ ಹೋಗುವ ಆಷಾಢದ ಪಾಲಖಿ, ಅಂದರೆ ಸಂತರ ಪಲ್ಲಕ್ಕಿ, ಪುಣೆಯಿಂದ ಹೊರಡುವ ದಿನ ನಮ್ಮ ಆಫೀಸಿನ ಕಡೆಯ ಹಡಪಸರದ ರಸ್ತೆ ಬಂದ್ ಆಗುತ್ತದೆ. ಪಲ್ಲಕ್ಕಿಯ ಜೊತೆ ನಡೆದುಹೋಗುವ ವಾರಕರಿ ಭಕ್ತರೇ ತುಂಬಿರುವಾಗ ಕಾರು, ಬಸ್ಸು ಎಲ್ಲಿಂದ ಬರಬೇಕು. ಮಗರಪಟ್ಟಾದ ಕಚೇರಿಗಳೆಲ್ಲ ಅವತ್ತು ಮನೆಯಿಂದಲೇ ಕೆಲಸ ಮಾಡಿ ಅನ್ನುತ್ತವೆ, ನಾವೂ ಅಂದಿದ್ದೆವು. ಅದಾಗಿ ಸ್ವಲ್ಪ ದಿನಕ್ಕೆ ವಿಮಾ ಸಂಸ್ಥೆಯಿಂದ ಕೆಂಡದಂಥ ಮೇಲ್ ಬಂತು. ಪಾಲಖಿಯ ದಿನ ನಮ್ಮಲ್ಲಿ ನೋಡಿದ ಎರಡು ಕ್ಲೇಮು ಅದಲುಬದಲಾಗಿದ್ದವು. ಎರಡೂ ಹೆಂಗಸರವು, ಹೆಸರು ಅಡ್ಡಹೆಸರು ಎಲ್ಲ ಒಂದೇ. ಒಬ್ಬಾಕೆಯ ಆಸ್ಪತ್ರೆಯ ಪೂರ್ತಿ ವಿವರ ಇನ್ನೊಬ್ಬಾಕೆಗೆ ಹೋಗಿತ್ತು. ಅದೂ ಆಕೆ ಮನೆಯವರಿಗೂ ಹೇಳಿರದ ಕಾಯಿಲೆ. ಹಾಗೆ ವಿವರ ಹೊರಬೀಳುವುದಕ್ಕೆ ಡೇಟಾ ಬ್ರೀಚ್ ಎನ್ನುತ್ತಾರೆ. ನಮ್ಮ ಉದ್ಯಮದಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಇಲ್ಲ. ಎಲ್ಲೋ ದೂರದಲ್ಲಿ ಒಬ್ಬ ಹೆಂಗಸು ತನ್ನ ಗುಟ್ಟು ಬೀದಿಗೆ ಬಿತ್ತೆಂದು ಅಳುತ್ತಿರಬಹುದು ಎಂದು ನನಗೆ ಅವತ್ತು ಮೊದಲು ಹೊಳೆದದ್ದು. ಮೇಲಿನವರಿಗೆ ಮೊದಲು ಹೊಳೆದದ್ದು ಗುತ್ತಿಗೆ ಕೈತಪ್ಪುವ ಭಯ.

ವಿವರ ತುಂಬಿದ ಮೇಕರ್ ಯಾರೆಂದು ನೋಡಿದರೆ, ಮಹಾನಂದಾಳ ಲಾಗಿನ್. ಒಪ್ಪಿದ ಚೆಕರ್, ವೀಣಾ. ಚೆಕರ್‌ಗೆ ಕಣ್ತಪ್ಪಿದ್ದು ಎಂದು ವೀಣಾ ಬರೆದುಕೊಟ್ಟಳು, ಅವಳಿಗೆ ಒಂದು ಎಚ್ಚರಿಕೆ ಸಾಕು ಎಂದಾಯಿತು. ಉಳಿದದ್ದು ಮಹಾನಂದಾ. ಆಗಿನ್ನೂ ಅವಳು ಪ್ರೊಬೇಷನ್ನಿನಲ್ಲಿದ್ದಳು. ನೌಕರಿ ಖಾಯಂ ಆಗುವ ಮೊದಲಿನ ಆ ಪರೀಕ್ಷೆಯ ಅವಧಿಯಲ್ಲಿ ಕಂಪನಿ ಯಾರನ್ನಾದರೂ ಹೆಚ್ಚು ಮಾತಿಲ್ಲದೆ ಮನೆಗೆ ಕಳಿಸಬಹುದು. ಆದರೆ ಇದು ಬರೀ ಮನೆಗೆ ಕಳಿಸುವ ಮಾತಾಗಿರಲಿಲ್ಲ. ಇನ್ನೊಂದು ಕಂಪನಿ ಅವಳನ್ನು ತೆಗೆದುಕೊಳ್ಳುವ ಮುನ್ನ ನಮ್ಮನ್ನು ಕೇಳುತ್ತದೆ, ಏಕೆ ಬಿಟ್ಟಳು ಎಂದು. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಎಂಬ ಆ ವಿಚಾರಣೆಗೆ ನಾವು 'ಡೇಟಾ ಬ್ರೀಚ್' ಎಂದು ಉತ್ತರ ಕೊಟ್ಟರೆ, ಈ ಊರಿನಲ್ಲಿ ಅವಳ ಆಫೀಸು ಬದುಕು ಶುರುವಾಗುವ ಮೊದಲೇ ಮುಗಿದಂತೆ.

ವಿಚಾರಣೆಗೆ ಮೂವರು ಕೂತೆವು. ಆಪರೇಷನ್ಸ್ ಮುಖ್ಯಸ್ಥ ಶಿರೀಷ್, ನಿಯಮ ಪಾಲನೆಯ ವಿಭಾಗದಿಂದ ಒಬ್ಬ ಅಧಿಕಾರಿಣಿ, ಮತ್ತು ನಾನು. ಸಂಜೆಯೊಳಗೆ ವಿಮಾ ಸಂಸ್ಥೆಗೆ ವರದಿ ಹೋಗಬೇಕಿತ್ತು. ತಪ್ಪು ಎಲ್ಲಿ ಹುಟ್ಟಿತು, ಯಾರಿಂದ, ಇನ್ನು ಮುಂದೆ ಆಗದಂತೆ ಏನು ಮಾಡುತ್ತೀರಿ ಎಂಬ ವರದಿ. ಮಹಾನಂದಾ ಬಂದು ಕುರ್ಚಿಯ ತುದಿಗೆ ಕೂತಳು. ಇಲ್ಲಿ ನೀನು ಆಡುವ ಮಾತೆಲ್ಲ ದಾಖಲಾಗುತ್ತದೆ ಎಂಬ ವಾಕ್ಯವನ್ನು ನಾನು ನಿಯಮದಂತೆ ಇಂಗ್ಲಿಷಿನಲ್ಲಿ ಓದಿದೆ. ಅವಳು ತಲೆಯಾಡಿಸಿದಳು. ಶಿರೀಷ್ ಇಂಗ್ಲಿಷಿನಲ್ಲಿ ಕೇಳಿದರೆ ಸುಮ್ಮನಿದ್ದಳು, ಮರಾಠಿಗೆ ತಿರುಗಿದರೆ ತನ್ನಿಂದ ತಪ್ಪಾಯಿತು ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ಹೇಗಾಯಿತು ಎಂದರೂ ಅದೇ ಮಾತು. ಆ ಎರಡು ಫೈಲಿನಲ್ಲಿ ಏನಿತ್ತು ಎಂದರೆ ಅದೂ ಗೊತ್ತಿಲ್ಲ. ತಾನೇ ಮಾಡಿದ ಕೆಲಸದ ಬಗ್ಗೆ ಇಷ್ಟು ಕಡಿಮೆ ಗೊತ್ತಿರುವವರನ್ನು ನಾನು ಕಂಡಿರಲಿಲ್ಲ.

ನನಗೆ ಸಂಶಯ ಬಂತು. ಶಿರೀಷ್‌ಗೆ ಹೇಳಿ ಕನ್ನಡಕ್ಕೆ ತಿರುಗಿದೆ. ಅಂಜಬ್ಯಾಡ, ಅವತ್ತು ಏನಾತು ಹೇಳು ಎಂದೆ.

ಕನ್ನಡ ಕಿವಿಗೆ ಬಿದ್ದದ್ದೇ ಅವಳ ಮುಖ ಬದಲಾಯಿತು. ಅಳಲಿಲ್ಲ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, ಉಳಿದಿಬ್ಬರು ಕೋಣೆಯಲ್ಲೇ ಇಲ್ಲ ಎಂಬಂತೆ ಮಾತಾಡಿದಳು. "ನಾ ಅವತ್ತ ಸಾಸವಡದಾಗ ಇದ್ದೆರಿ ಅಕ್ಕಾರ. ನನ್ನ ಲ್ಯಾಪ್‌ಟಾಪು, ಪಾಸ್‌ವರ್ಡು ವೀಣಕ್ಕನ ಕೈಯಾಗ ಕೊಟ್ಟು ಹೋಗಿದ್ದೆ. ಆಕಿನ ಮಾಡಿದ್ದು. ನನ್ನ ಸಲುವಾಗಿನ ಮಾಡಿದ್ದರಿ. ಇದು ನಿಮಗ ಹೇಳಿದ್ದು ಅಷ್ಟ. ಇವರಿಗಿ ಹೇಳಬ್ಯಾಡ್ರಿ."

ನಾನು ಕೆದಕಿದೆ, ಅವಳು ಹೇಳುತ್ತ ಹೋದಳು. ಅವರ ಓಣಿಯ ಹೆಂಗಸರು ಪ್ರತಿ ವರ್ಷ ಪಾಲಖಿಯ ದಿನ, ಅದು ರಾತ್ರಿ ತಂಗುವ ಸಾಸವಡಕ್ಕೆ ಹೋಗಿ ವಾರಕರಿಗಳಿಗೆ ರೊಟ್ಟಿ ಬಡಿದು ಬಡಿಸುತ್ತಾರಂತೆ. ಈ ಸಲ ಅವ್ವನ ಮೈಯಲ್ಲಿ ಆರಾಮ ಇರಲಿಲ್ಲ, ಅವ್ವನ ಬದಲು ಮಗಳು ಹೋಗಬೇಕಿತ್ತು. ಪ್ರೊಬೇಷನ್ನಿನವರಿಗೆ ಆ ವಾರ ರಜೆ ಇರಲಿಲ್ಲ. ಮನೆಯಿಂದ ಕೆಲಸದ ದಿನ ತಾನೆ, ನೀ ಹೋಗಿ ಬಾ, ನಿನ್ನ ಪಾಲಿನದು ನಾನು ಮಾಡಿ ಇಡುತ್ತೇನೆ ಎಂದವಳು ವೀಣಾ. ಅದು ಹೊಸದೂ ಆಗಿರಲಿಲ್ಲ. ವೈದ್ಯರ ಇಂಗ್ಲಿಷ್ ಮಹಾನಂದಾಳಿಗೆ ಸರಸರ ಓದಲು ಬರುತ್ತಿರಲಿಲ್ಲ, ದಿನದ ಗುರಿ ಮುಟ್ಟುತ್ತಿರಲಿಲ್ಲ. ಮೊದಮೊದಲು ವೀಣಾ ಪಕ್ಕದಲ್ಲಿ ಕೂತು ಕಲಿಸಿದಳು. ತಂಡದ ಗುರಿ ಹೆಚ್ಚಿದಂತೆ ಕಲಿಸುವಷ್ಟು ಪುರುಸೊತ್ತಾಗದೆ, ನೀ ಸರಿ ಅತ್ತ, ನಾ ಮಾಡಿಕೊಡುತ್ತೇನೆ ಎನ್ನತೊಡಗಿದಳು. ಹುಡುಗಿ ಪ್ರೊಬೇಷನ್ನಿನಲ್ಲಿ ಫೇಲಾಗದಿರಲಿ ಎಂಬ ಕರುಣೆ ಅರ್ಧ, ತನ್ನ ತಂಡದ ಲೆಕ್ಕ ಕೆಡದಿರಲಿ ಎಂಬ ಆಸೆ ಅರ್ಧ. ಪಾಲಖಿಯ ದಿನ ಮನೆಯಲ್ಲಿ ಎರಡು ಲ್ಯಾಪ್‌ಟಾಪು ಎದುರಿಟ್ಟುಕೊಂಡು, ಒಂದರಲ್ಲಿ ತಾನೇ ತುಂಬಿ ಇನ್ನೊಂದರಲ್ಲಿ ತಾನೇ ಒಪ್ಪಿದ್ದಳು. ಎರಡು ಜೋಡಿ ಕಣ್ಣು ನೋಡಬೇಕಾದದ್ದನ್ನು ದಣಿದ ಒಂದೇ ಜೋಡಿ ಕಣ್ಣು ನೋಡಿತ್ತು.

ಒಂದು ಕಡೆ ಇದು ಅವಳನ್ನು ಉಳಿಸುವ ಸತ್ಯ. ಇನ್ನೊಂದು ಕಡೆ ಅವಳಿಗೇ ಮುಳುವಾಗುವ ಸತ್ಯ. ಸಾಸವಡದಲ್ಲಿದ್ದೆ ಎಂದರೆ ಡೇಟಾ ಬ್ರೀಚ್ ಅವಳದಲ್ಲ. ಆದರೆ ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಟ್ಟದ್ದು, ಇಲ್ಲದ ದಿನ ಹಾಜರಿ ಹಾಕಿಸಿಕೊಂಡದ್ದು ಎರಡೂ ಅವಳವೇ. ಜೊತೆಗೆ ವೀಣಾ ಮುಳುಗುತ್ತಾಳೆ. ಇದನ್ನೆಲ್ಲ ತೂಗಿ ನೋಡಿಯೇ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

"ಕಾಯ್ ಮ್ಹಣಾಲೀ ತೀ?" ಎಂದು ಶಿರೀಷ್ ಮರಾಠಿಯಲ್ಲಿ ಕೇಳಿದರು. ಅವಳು ಏನಂದಳು?

ಮೂವತ್ತು ವರ್ಷದ ಅನುಭವ ಎಂದು ಎದೆ ಉಬ್ಬಿಸಿಕೊಂಡು ತಿರುಗುವವಳಿಗೆ ಆ ಗಳಿಗೆಯಲ್ಲಿ ಹೊಳೆದದ್ದು ಚಹಾದ ನೆವ ಒಂದೇ. ಚಹಾ ಕುಡಿದು ಕೂರೋಣ ಎಂದು ಹೇಳಿ, ಹುಡುಗಿಯನ್ನು ಹೊರಗೆ ಕರೆದುಕೊಂಡು ಬಂದೆ. ಕಾರಿಡಾರಿನ ಕಿಟಕಿಯ ಹತ್ತಿರ ನಿಲ್ಲಿಸಿ, ಇದನ್ನು ನಾನು ಒಳಗೆ ಹೇಳಲೇಬೇಕು ಎಂದೆ.

ಅವಳು ನನ್ನನ್ನು ನೋಡಿದ ನೋಟ ನನಗೆ ಇವತ್ತಿಗೂ ಚುಚ್ಚುತ್ತದೆ. ಸಿಟ್ಟಲ್ಲ ಅದು, ಅರ್ಥವೇ ಆಗದ ನೋಟ. ವೀಣಕ್ಕನ ಮನೆಯ ಪರಿಸ್ಥಿತಿ ನಿಮಗೆ ಗೊತ್ತಿಲ್ಲವೇ ಎಂದು ಕೇಳಿದಳು. ಗೊತ್ತು ಎಂದೆ. ತನಗೇನು, ಇನ್ನೂ ವಯಸ್ಸಿದೆ, ಇನ್ನೊಂದು ಕೆಲಸ ಸಿಗುತ್ತದೆ ಎಂದಳು. ಸಿಗುವುದಿಲ್ಲ ಎಂದು, ವೆರಿಫಿಕೇಷನ್ ಅಂದರೆ ಏನು ಎಂಬುದನ್ನು ಬಿಡಿಸಿ ಹೇಳಿದೆ.

"ನಾ ಆಕಿ ಡಬ್ಬಿ ಉಂಡೀನ್ರಿ ಅಕ್ಕಾರ."

"ಡಬ್ಬಿ ಉಂಡದ್ದಕ್ಕ ಯಾರರೆ ಜೀವನಾ ಬರದ ಕೊಡತಾರೇನು?" ಎಂದು ನಾನು ಗದರಿದೆ. ಅವಳಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಒಟ್ಟಿಗೆ ಕೂತು ಉಂಡವರ ಮೇಲೆ ಚಾಡಿ ಹೇಳಬಾರದು ಎಂಬುದನ್ನು ಅವರ ಮನೆಯಲ್ಲಿ ನೀತಿಪಾಠ ಮಾಡಿ ಕಲಿಸಿರಲಾರರು, ಹಾಗೇ ಬಂದುಬಿಡುತ್ತದೆ. ನಮ್ಮ ಮನೆಯಲ್ಲೂ ಹಾಗೇ ಬಂದದ್ದು. ಅದಕ್ಕೇ ಅವಳ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಅಷ್ಟೇ ಹೊಟ್ಟೆಯುರಿಯೂ ಆಗುತ್ತಿತ್ತು.

ವೀಣಾಳ ಮೇಜಿಗೆ ಹೋದೆ. ಒಂದು ಖಾಲಿ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡೆ. ಆ ಹುಡುಗಿ ಏನಂದಳು ಎಂದು ಅವಳೇ ಮೊದಲು ಕೇಳಿದಳು. ನಡೆದದ್ದನ್ನೆಲ್ಲ ಹೇಳಿದಳು ಎಂದೆ. ನೀನಾಗಿ ಹೋಗಿ ಹೇಳಿದರೆ ಅದರ ತೂಕವೇ ಬೇರೆ, ನಿನ್ನ ಪರ ನಿಲ್ಲಲು ನನಗೂ ಒಂದು ಆಧಾರ ಸಿಗುತ್ತದೆ ಎಂದು ತಿಳಿಸಿದೆ. ವೀಣಾ ಕೈಬೆರಳು ನೋಡುತ್ತ ಕೂತಳು. ನಾಳೆ ಹೇಳುತ್ತೇನೆ, ಇವತ್ತು ಮನೆಯಲ್ಲಿ ಗಂಡನಿಗೆ ಒಂದು ಮಾತು ಹೇಳಿಕೊಳ್ಳುತ್ತೇನೆ ಎಂದಳು. ವರದಿ ಇವತ್ತು ಸಂಜೆಯೇ ಹೋಗುತ್ತದೆ, ಹೋದ ಮೇಲೆ ಅದರಲ್ಲಿನ ಹೆಸರು ಅಳಿಸಲಾಗುವುದಿಲ್ಲ ಎಂದೆ. ಅವಳು ನಾಳೆ ಎನ್ನುವುದನ್ನು ಬಿಡಲಿಲ್ಲ.

ನಾಳೆ ಹೇಳುತ್ತಿದ್ದಳೋ ಇಲ್ಲವೋ ನನಗೆ ತಿಳಿಯದು. ಹೇಳುತ್ತಿದ್ದಳು ಎಂದು ನಂಬಲು ಮನಸ್ಸಾಗುತ್ತದೆ. ಆದರೆ ನೌಕರಿಯಲ್ಲಿ ನಾಳೆ ಎಂದವರನ್ನು ನಾನು ಬಹಳ ಕಂಡಿದ್ದೆ, ಮರುದಿನದೊಳಗೆ ಅವರ ಮನೆಯವರೆಲ್ಲ ಸೇರಿ ಅವರ ಬಾಯಿ ಮುಚ್ಚಿಸಿದ್ದನ್ನೂ ಕಂಡಿದ್ದೆ. ಎರಡೂ ಲ್ಯಾಪ್‌ಟಾಪು ಒಂದೇ ಮನೆಯ ಇಂಟರ್ನೆಟ್ಟಿನಿಂದ ಓಡಿದ್ದು ತಾಂತ್ರಿಕ ವಿಭಾಗದವರು ಹುಡುಕಿದರೆ ಸಿಗುತ್ತಿತ್ತು. ಹುಡುಕುವ ಗರಜು ಯಾರಿಗೂ ಇರಲಿಲ್ಲ. ಸಂಜೆಗೆ ಬೇಕಾದದ್ದು ಒಂದು ಹೆಸರು, ಅದು ಕೈಯಲ್ಲೇ ಇತ್ತು, ಹೊಸ ಹುಡುಗಿಯ ಹೆಸರು. ಅವಳ ಪರವಾಗಿ ದನಿ ಎತ್ತುವವರು ಯಾರಿದ್ದರು? ಅವಳೇ ಎತ್ತಲಿಲ್ಲವಲ್ಲ.

ಹುಡುಗಿಯನ್ನು ಕರೆದುಕೊಂಡು ಒಳಗೆ ಹೋಗಿ, ಅವಳು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಮಾತೂ ಬಿಡಲಿಲ್ಲ, ಕೊನೆಯದರ ಹೊರತು. ಇವರಿಗೆ ಹೇಳಬೇಡಿ ಎಂದದ್ದನ್ನು ಮಾತ್ರ ಅನುವಾದ ಮಾಡಲಿಲ್ಲ. ಮಹಾನಂದಾ ಪಕ್ಕದಲ್ಲೇ ಕೂತಿದ್ದಳು. ಇಂಗ್ಲಿಷ್ ನಿಧಾನವಾದರೂ ಅವಳಿಗೆ ಎಲ್ಲವೂ ತಿಳಿಯುತ್ತಿತ್ತು.

ಶಿರೀಷ್ ಇಬ್ಬರನ್ನೂ ತೆಗೆಯುವ ಪಟ್ಟು ಹಿಡಿದರು. ಅವರದು ಕೆಟ್ಟ ಮನಸ್ಸಲ್ಲ, ನಿಯಮದಲ್ಲಿ ಹಾಗೇ ಇತ್ತು. ವೀಣಾಳ ವಿಷಯದಲ್ಲಿ ನನ್ನ ಬಳಿ ಹೇಳಲು ಏನೂ ಉಳಿದಿರಲಿಲ್ಲ. ತನ್ನ ತಂಡದ ಹೊಸ ಹುಡುಗಿಯ ಪಾಸ್‌ವರ್ಡ್ ಕೇಳಿ ಪಡೆದದ್ದು, ತನ್ನ ತಪ್ಪು ಅವಳ ತಲೆಗೆ ಬರುವಾಗ ಪಕ್ಕದಲ್ಲೇ ಇದ್ದೂ ಸುಮ್ಮನಿದ್ದದ್ದು. ಆದರೆ ಹುಡುಗಿಯ ವಿಷಯದಲ್ಲಿ ನಾನು ಜಗ್ಗಲಿಲ್ಲ. ಈ ಕೋಣೆಯಲ್ಲಿ ನಿಜ ಹೇಳಿದವಳನ್ನೇ ನಾವು ಹೊರಗೆ ಹಾಕಿದರೆ ಇನ್ನು ಮುಂದೆ ಇಲ್ಲಿಗೆ ಬಂದು ಯಾರೂ ನಿಜ ಹೇಳುವುದಿಲ್ಲ, ಆಮೇಲೆ ನೀವು ಎಷ್ಟು ವರದಿ ಬರೆದರೂ ಅಷ್ಟೇ ಎಂದೆ. ದನಿ ಸ್ವಲ್ಪ ಏರಿತ್ತು. ಕೊನೆಗೆ ಲಿಖಿತ ಎಚ್ಚರಿಕೆ ಕೊಟ್ಟು, ಪ್ರೊಬೇಷನ್ ಮುಂದುವರಿಸಿ ಅವಳನ್ನು ಉಳಿಸಿಕೊಳ್ಳುವುದು ಎಂದಾಯಿತು.

ವೀಣಾ ರಾಜೀನಾಮೆ ಕೊಟ್ಟಳು. ರಾಜೀನಾಮೆ ಎಂದು ಬರೆಸಿಕೊಳ್ಳುವಷ್ಟನ್ನು ಮಾತ್ರ ನಾನು ಅವಳಿಗಾಗಿ ಮಾಡಲು ಸಾಧ್ಯವಾಯಿತು. ಗುರುತಿನ ಚೀಟಿ, ಲ್ಯಾಪ್‌ಟಾಪ್ ಒಪ್ಪಿಸಲು ನನ್ನ ಕೋಣೆಗೆ ಬಂದಳು. ನನ್ನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡಿದ್ದೆ. ಹರಿಹಾಯ್ದಿದ್ದರೆ ಹಗುರಾಗುತ್ತಿತ್ತು.

"ನಿಮ್ಮ ಜಾಗಾದಾಗ ನಾ ಇದ್ದಿದ್ರ, ಒಂದು ದಿನಾ ತಡೀತಿದ್ದೆರಿ," ಎಂದಳು ಅಷ್ಟೇ.

ಅವಳನ್ನು ಲಿಫ್ಟಿನ ತನಕ ಬಿಟ್ಟುಬಂದೆ. ಆ ಒಂದು ದಿನದ ಲೆಕ್ಕವನ್ನು ನಾನು ಎಷ್ಟೋ ಸಲ ಹಾಕಿದ್ದೇನೆ. ತಡೆದಿದ್ದರೆ ವರದಿಯಲ್ಲಿ ಮಹಾನಂದಾಳ ಹೆಸರು ಹೋಗುತ್ತಿತ್ತು, ಅದಂತೂ ಖರೆ. ಮರುದಿನ ವೀಣಾ ಬಂದು ಒಪ್ಪಿಕೊಂಡಿದ್ದರೆ? ವಿಮಾ ಸಂಸ್ಥೆಗೆ ಇನ್ನೊಂದು ಮೇಲ್ ಬರೆದು, ಹೆಸರು ತಪ್ಪಾಗಿದೆ ಎನ್ನಲು ಕಂಪನಿಯಲ್ಲಿ ಯಾರು ಒಪ್ಪುತ್ತಿದ್ದರು? ನಾನು ಮಾಡಿದ್ದು ಸರಿ ಎಂದೇ ಇವತ್ತಿಗೂ ಹೇಳುತ್ತೇನೆ. ಸರಿಯಾದದ್ದನ್ನು ಮಾಡಿದರೆ ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂದು ಯಾರು ಹೇಳಿದರೋ, ಅವರು ಎಚ್‌.ಆರ್‌. ಕೆಲಸ ಮಾಡಿದವರಲ್ಲ.

ಮಹಾನಂದಾ ಮರುವಾರ ಕೆಲಸಕ್ಕೆ ಬಂದಳು. ವೀಣಾಳನ್ನು ಕಳೆದುಕೊಂಡ ತಂಡ ಅವಳನ್ನು ಹೇಗೆ ಕಂಡಿತು ಎಂದು ಬೇರೆ ಹೇಳಬೇಕಿಲ್ಲ. ಕ್ಯಾಂಟೀನಿನಲ್ಲಿ ಅವಳು ಬಂದು ಕೂತರೆ ಉಳಿದವರ ಊಟ ಬೇಗ ಮುಗಿಯುತ್ತಿತ್ತು. ಬೇರೆ ತಂಡಕ್ಕೆ ಹಾಕುತ್ತೇನೆ ಎಂದು ನಾನು ಹೇಳಿಕಳಿಸಿದೆ. ಬೇಡ, ಇಲ್ಲೇ ಸರಿ ಎಂದು ಉತ್ತರ ಬಂತು. ಒಂದು ದಿನ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಹ್ಯಾಂಗದಿ, ಅವ್ವ ಆರಾಮ ಅದಾಳೇನು ಎಂದು ಕೇಳಿದೆ.

"ಫೈನ್, ಮ್ಯಾಮ್. ಥ್ಯಾಂಕ್ ಯೂ," ಎಂದಳು.

ಅಲ್ಲಿಗೆ 'ಅಕ್ಕಾರ' ಮುಗಿಯಿತು, ಕನ್ನಡವೂ ಮುಗಿಯಿತು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಒರಟುತನವಿಲ್ಲ, ಅತ್ಯಂತ ಮರ್ಯಾದೆಯ ಇಂಗ್ಲಿಷ್. ನನಗೆ ದುಃಖವಾಗುತ್ತಿತ್ತು. ಸಿಟ್ಟೂ ಬರುತ್ತಿತ್ತು, ಇವಳಿಗಾಗಿ ಎಷ್ಟು ಹೋರಾಡಿದೆ, ಇವಳ ಬದುಕು ಉಳಿಸಿದೆ ಎಂದು. ಆಗ ಗಂಡ ಒಮ್ಮೆ ಊಟಕ್ಕೆ ಕೂತಾಗ, ಆ ಹುಡುಗಿ ಬದುಕು ಉಳಿಸು ಎಂದು ನಿನ್ನನ್ನು ಕೇಳಿದ್ದಳೇ ಎಂದರು. ಬ್ಯಾಂಕಿನಲ್ಲಿ ಕ್ಲಾರ್ಕಾಗಿದ್ದವರು, ಮಾತು ಕಡಿಮೆ, ಆಡಿದರೆ ಹೀಗೆ. ಆ ರಾತ್ರಿ ನಾನು ಅವರೊಂದಿಗೆ ಮಾತು ಬಿಟ್ಟೆ.

ಕೆಲಸ ಮಾತ್ರ ಅವಳು ಕಲಿತಳು. ಮಾಡಿಕೊಡುವವರು ಯಾರೂ ಇಲ್ಲದಾಗ ಕಲಿಯದೆ ಏನು ಮಾಡಬೇಕು. ದಿನದ ಗುರಿ ಮುಟ್ಟದಿದ್ದಾಗ ಹೊಸ ಟೀಮ್ ಲೀಡ್‌ಗೆ ತಾನೇ ಮೇಲ್ ಬರೆದು, ಇಂಥ ಕಾಗದ ಓದಲು ಬರುತ್ತಿಲ್ಲ, ತೋರಿಸಿಕೊಡಿ ಎಂದು ಕೇಳುತ್ತಿದ್ದಳಂತೆ. ಗೊತ್ತಿಲ್ಲ ಎಂದು ಬರೆದು ಕೇಳುವ ಹೊಸಬರು ನಮ್ಮಲ್ಲಿ ಎಷ್ಟು ಅಪರೂಪ ಎಂದರೆ, ಆ ಟೀಮ್ ಲೀಡೇ ಬಂದು ನನಗೆ ಅದನ್ನು ವಿಶೇಷ ಸುದ್ದಿಯಂತೆ ಹೇಳಿದರು. ಪ್ರೊಬೇಷನ್ ಮುಗಿಯಿತು, ಕೆಲಸ ಖಾಯಂ ಆಯಿತು. ಮುಂದೆ ಚೆಕರ್ ಆದಳು. ಅವಳ ಕಣ್ಣು ತಪ್ಪಿಸಿ ಒಂದು ಹೆಸರು ಆಚೀಚೆ ಹೋಗುವಂತಿಲ್ಲ ಎಂದು ತಂಡದವರು ಗೊಣಗುತ್ತಿದ್ದರು. ವೀಣಾಳಿಗೆ ಕೆಲವು ತಿಂಗಳ ಮೇಲೆ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಮೊದಲಿಗಿಂತ ಬಹಳ ಕೆಳಗಿನದು. ವೆರಿಫಿಕೇಷನ್ನಿಗೆ ಫೋನು ಬಂದಾಗ ರಾಜೀನಾಮೆ ಎಂದಷ್ಟೇ ಉತ್ತರ ಕೊಟ್ಟೆವು.

ನಾನು ನಿವೃತ್ತಳಾಗುವ ವರ್ಷ ಹೊಸಬರಿಗೆ ತರಬೇತಿ ಕೊಡುವ ಹೊಣೆ ಮಹಾನಂದಾಳಿಗೆ ಬಂದಿತ್ತು. ಒಂದು ಮಧ್ಯಾಹ್ನ ತರಬೇತಿ ಕೋಣೆಯ ಹಿಂದಿನ ಸಾಲಿನಲ್ಲಿ ನಾನು ಯಾವುದೋ ಪಟ್ಟಿ ನೋಡುತ್ತ ಕೂತಿದ್ದೆ. ತರಗತಿ ಮುಗಿದು ಮಕ್ಕಳೆಲ್ಲ ಹೊರಗೆ ಹೋದರು. ಒಬ್ಬ ಹುಡುಗಿ ಮಾತ್ರ ಉಳಿದಳು. ಕಲಬುರಗಿ ಕಡೆಯವಳಿರಬೇಕು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಮಹಾನಂದಾಳ ಹತ್ತಿರ ಬಂದು, ದನಿ ತಗ್ಗಿಸಿ, ಅಕ್ಕಾ, ನಿಮಗಷ್ಟೇ ಒಂದು ಮಾತು ಹೇಳುವುದಿತ್ತು ಎಂದಳು.

ಮಹಾನಂದಾ ಕೈಯಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟಳು. ಆ ವಿಚಾರಣೆಯ ದಿನ ಕಳೆದ ಮೇಲೆ ಇಷ್ಟು ವರ್ಷದಲ್ಲಿ ಆ ಕಟ್ಟಡದೊಳಗೆ ಅವಳು ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ.

"ತಡಿ. ಹೇಳೂದಕ್ಕಿಂತ ಮೊದಲ ನನ್ನ ಮಾತು ಕೇಳು. ಇಲ್ಲಿ ನಾ ನಿನ್ನ ಅಕ್ಕ ಅಲ್ಲ. ನೀ ಕನ್ನಡದಾಗ ಹೇಳಿದ್ರೂ ಅದು ಆಫೀಸಿನಾಗ ಹೇಳಿದಂಗ. ಮ್ಯಾಲಿನವರಿಗಿ ಹೇಳೂವಂಥಾದ್ದಿದ್ರ ನಾ ಹೇಳತೀನಿ, ನೀ ಬ್ಯಾಡಂದ್ರೂ ಹೇಳತೀನಿ. ಇದು ತಿಳದು ಹೇಳಂಗಿದ್ರ ಹೇಳು."

ಆ ಹುಡುಗಿ ನಿಂತೇ ಇದ್ದಳು. ಮುಖ ಸಣ್ಣದಾಯಿತು. ಹೊರಟುಹೋಗುತ್ತಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಕುರ್ಚಿ ಎಳೆದುಕೊಂಡು ಕೂತು, ಹೇಳತೊಡಗಿದಳು. ನಾನು ಪಟ್ಟಿ ಮಡಚಿಕೊಂಡು ಸದ್ದಾಗದಂತೆ ಹೊರಗೆ ಬಂದೆ. ಆ ಹುಡುಗಿಯ ಕಷ್ಟ ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಕಾರಿಡಾರಿನಲ್ಲಿ ನಿಂತು ನಾನು ಅತ್ತೆ. ಆಡಿದ ಮಾತೆಲ್ಲ ದಾಖಲಾಗುತ್ತದೆ ಎಂಬ ಅದೇ ಮಾತನ್ನು ಅವತ್ತಿನ ವಿಚಾರಣೆಯಲ್ಲಿ ನಾನು ಇಂಗ್ಲಿಷಿನಲ್ಲಿ ಓದಿ ಮುಗಿಸಿದ್ದೆ. ಅವಳು ಅದನ್ನು ಕೇಳುವವರಿಗೆ ತಿಳಿಯುವ ಭಾಷೆಯಲ್ಲಿ, ಕೇಳುವವರ ಮುಖ ನೋಡಿ ಹೇಳಿದಳು.

ಕಾಲೇಜುಗಳಲ್ಲಿ ನಾನು ಮಕ್ಕಳಿಗೆ ಹೇಳುವುದು ಇಷ್ಟು. ಕಚೇರಿಯಲ್ಲಿ ನಿಮ್ಮನ್ನು ಹಚ್ಚಿಕೊಳ್ಳುವವರು ಸಿಗುತ್ತಾರೆ. ಅವರ ಅಕ್ಕರೆ ಸುಳ್ಳಲ್ಲ. ಅವರ ಡಬ್ಬಿ ಉಣ್ಣಿ, ನಿಮ್ಮದನ್ನೂ ಕೊಡಿ. ಆದರೆ ನಿಮ್ಮ ಹೆಸರಿನಲ್ಲಿ ನಡೆಯುವ ಕೆಲಸವನ್ನು ನೀವೇ ಮಾಡಿ, ಬರದಿದ್ದರೆ ಬರುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ನನ್ನಂಥವರು ನಿಮ್ಮ ಮನೆಮಾತಿನಲ್ಲಿ ಏನಾತು ಹೇಳು ಎಂದು ಕೇಳಿದಾಗ, ಕೇಳುತ್ತಿರುವುದು ಯಾರು, ಮನೆಯವರೋ ಕಂಪನಿಯೋ ಎಂದು ಒಂದು ಗಳಿಗೆ ಯೋಚಿಸಿ. ಅವತ್ತು ಕೇಳಿದ್ದು ಕಂಪನಿ. ಮಹಾನಂದಾ ಉತ್ತರ ಕೊಟ್ಟದ್ದು ತನ್ನ ಅಕ್ಕನಿಗೆ. ಅವಳ ನೌಕರಿ ಉಳಿಯಿತು, ಅವಳ ಅಕ್ಕ ಉಳಿಯಲಿಲ್ಲ.